ಮಾರ್ಚ್ 23: ಊರು ಬಿಡದೆಯೇ ಗಡಿಯಾಚೆಯವರಾದ ಗೋವಿಂದ ಪೈ

ನಿಮ್ಮ ಮಗುವಿನ ಶಾಲೆಯಲ್ಲಿ ಬೆಳಗಿನ ಅಸೆಂಬ್ಲಿಗೆ ‘ದಿನ ವಿಶೇಷ’ ಓದುವ ಪದ್ಧತಿ ಇದ್ದರೆ ಅದರ ಪಾಡು ನಿಮಗೆ ಗೊತ್ತೇ ಇದೆ. ಪಾಳಿ ಬಂದ ಹಿಂದಿನ ರಾತ್ರಿ ಮಗು ನೋಟ್ ಪುಸ್ತಕ ಹಿಡಿದು ಬರುತ್ತದೆ. ನೀವು ಮೊಬೈಲಿನಲ್ಲಿ ಹುಡುಕಿ ನಾಲ್ಕು ಹೆಸರು, ನಾಲ್ಕು ಇಸವಿ ಬರೆಸುತ್ತೀರಿ. ಮಗು ಓದುತ್ತದೆ, ಮರುದಿನಕ್ಕೆ ಮರೆಯುತ್ತದೆ.

ಮಾರ್ಚ್ 23ರ ಪಾಳಿ ನಿಮ್ಮ ಮಗುವಿನದಾದರೆ ಹೀಗಾಗಲು ಬಿಡಬೇಡಿ. ಆ ದಿನಕ್ಕೆ ಹೆಸರುಗಳ ಬರವಿಲ್ಲ. 1931ರ ಮಾರ್ಚ್ 23ರಂದು ಲಾಹೋರಿನ ಜೈಲಿನಲ್ಲಿ ಭಗತ್ ಸಿಂಗ್, ರಾಜಗುರು, ಸುಖದೇವ್ ಅವರನ್ನು ಗಲ್ಲಿಗೇರಿಸಲಾಯಿತು. 1910ರಲ್ಲಿ ಅದೇ ದಿನ ರಾಮಮನೋಹರ ಲೋಹಿಯಾ ಹುಟ್ಟಿದರು. 1882ರಲ್ಲಿ ಜರ್ಮನಿಯ ಗಣಿತಜ್ಞೆ ಎಮ್ಮಿ ನೋಥರ್ ಹುಟ್ಟಿದ್ದೂ ಅಂದೇ. ಇವರ ಸಾಲಿನಲ್ಲಿ ಗಡಿನಾಡಿನ ಕನ್ನಡ ಮಗು ಮೊದಲು ತಿಳಿಯಬೇಕಾದ ಹೆಸರೂ ಒಂದಿದೆ. 1883ರ ಮಾರ್ಚ್ 23, ಶುಕ್ರವಾರ, ಮಂಜೇಶ್ವರದಲ್ಲಿ ಗೋವಿಂದ ಪೈ ಹುಟ್ಟಿದರು. ಕನ್ನಡದ ಮೊದಲ ರಾಷ್ಟ್ರಕವಿ ಅವರು. ಅವರ ಊರು ಇಂದು ಕೇರಳದ ಕಾಸರಗೋಡು ಜಿಲ್ಲೆಯಲ್ಲಿದೆ.

ಮನೆಯ ಮಾತು ಕೊಂಕಣಿ, ಬರೆದ ಭಾಷೆ ಕನ್ನಡ

ಗೋವಿಂದ ಪೈ ಹುಟ್ಟಿದ್ದು ತಾಯಿಯ ತವರುಮನೆಯಲ್ಲಿ. ತಂದೆ ಮಂಗಳೂರಿನ ತಿಮ್ಮಪ್ಪ ಪೈ, ತಾಯಿ ದೇವಕಿಯಮ್ಮ. ಅನುಕೂಲಸ್ಥರಾದ ಗೌಡ ಸಾರಸ್ವತ ಮನೆತನ. ಮನೆಯೊಳಗೆ ಕೊಂಕಣಿ. ಅಂಗಳ ದಾಟಿದರೆ ತುಳು. ಪೇಟೆಗೆ ಹೋದರೆ ಮಲಯಾಳ, ಬ್ಯಾರಿ. ಶಾಲೆಯಲ್ಲಿ ಕನ್ನಡ, ಮುಂದೆ ಇಂಗ್ಲಿಷ್. ಈ ಪಟ್ಟಿಯಲ್ಲಿ ಕೊಂಕಣಿ ತೆಗೆದು ತೆಲುಗನ್ನೋ ಮರಾಠಿಯನ್ನೋ ಬಡಗವನ್ನೋ ಇಟ್ಟರೆ ಆದೋನಿಯ, ಅಕ್ಕಲಕೋಟೆಯ, ನೀಲಗಿರಿಯ ಎಷ್ಟೋ ಮನೆಗಳ ಚಿತ್ರ ಅದೇ ಆಗುತ್ತದೆ.

ಇಷ್ಟೊಂದು ಭಾಷೆಗಳ ನಡುವೆ ಮಗು ಯಾವುದರಲ್ಲೂ ಗಟ್ಟಿಯಾಗದೆ ಉಳಿದೀತೇ ಎಂಬ ಅಳುಕು ನಿಮ್ಮಲ್ಲೂ ಇರಬಹುದು. ಒಬ್ಬರ ಬಾಳಿನಿಂದ ಎಲ್ಲ ಮಕ್ಕಳಿಗೂ ಅನ್ವಯಿಸುವ ನಿಯಮ ಸಿಗುವುದಿಲ್ಲ. ಆದರೂ ಈ ಬಾಳನ್ನು ನೋಡಿ. ಗೋವಿಂದ ಪೈಗಳಿಗೆ ಕನ್ನಡ ಹುಟ್ಟಿನಿಂದ ಬಂದ ಮನೆಮಾತಾಗಿರಲಿಲ್ಲ. ಶಾಲೆಯಲ್ಲಿ ಕಲಿತು, ಓದಿ, ಬರೆದು ಅದನ್ನು ತಮ್ಮದಾಗಿಸಿಕೊಂಡರು. ಹಾಗೆಂದು ಕೊಂಕಣಿಯನ್ನೂ ತುಳುವನ್ನೂ ದೂರ ಮಾಡಲಿಲ್ಲ. ಒಂದು ಭಾಷೆ ಬರಲು ಇನ್ನೊಂದು ಹೋಗಬೇಕು ಎಂಬ ಲೆಕ್ಕ ಅವರಲ್ಲಿ ಇರಲೇ ಇಲ್ಲ.

ಮಂಗಳೂರಿನಲ್ಲಿ ಓದುವಾಗ ಅವರಿಗೆ ಪಂಜೆ ಮಂಗೇಶರಾಯರು ಗುರುಗಳಾಗಿ ಸಿಕ್ಕರು. ಮಕ್ಕಳಿಗಾಗಿ ಕನ್ನಡದಲ್ಲಿ ಕಥೆ, ಪದ್ಯಗಳನ್ನು ಬರೆದ ಅದೇ ಪಂಜೆಯವರು. ನಿಮ್ಮ ಮಗುವಿನ ಪಠ್ಯಪುಸ್ತಕದಲ್ಲಿ ಅವರ ಹೆಸರು ಕಂಡರೆ, ರಾಷ್ಟ್ರಕವಿಗೆ ಪಾಠ ಹೇಳಿದವರು ಇವರೇ ಎಂದು ತೋರಿಸಿ.

ಅರ್ಧಕ್ಕೆ ನಿಂತ ಬಿ.ಎ.

ಆ ಕಾಲದಲ್ಲಿ ದಕ್ಷಿಣ ಕನ್ನಡ ಜಿಲ್ಲೆ ಮದ್ರಾಸ್ ಪ್ರಾಂತಕ್ಕೆ ಸೇರಿತ್ತು. ಹಾಗಾಗಿ ಮೇಲಿನ ಓದಿಗೆ ಮದ್ರಾಸಿನ ದಾರಿ. ಗೋವಿಂದ ಪೈಗಳು ಅಲ್ಲಿನ ಕ್ರಿಶ್ಚಿಯನ್ ಕಾಲೇಜಿನಲ್ಲಿ ಬಿ.ಎ. ಓದುತ್ತಿದ್ದಾಗ ತಂದೆ ಇದ್ದಕ್ಕಿದ್ದಂತೆ ತೀರಿಕೊಂಡರು. ಮನೆಯ ಹೊಣೆ ಹೆಗಲಿಗೆ ಬಿತ್ತು. ಊರಿಗೆ ಬಂದವರು ಮತ್ತೆ ಪದವಿ ಮುಗಿಸಲು ಹೋಗಲಿಲ್ಲ.

ಇದನ್ನು ಮಗುವಿಗೆ ಹೇಳುವಾಗ ಒಂದು ಎಚ್ಚರ ಬೇಕು. ಪದವಿ ಇಲ್ಲದೆಯೂ ದೊಡ್ಡವರಾಗಬಹುದು ಎಂಬ ಸುಲಭದ ನೀತಿ ಇಲ್ಲಿ ಹೊಂದುವುದಿಲ್ಲ. ಅವರಿಗೆ ಆಸ್ತಿ ಇತ್ತು, ಹೊಟ್ಟೆಪಾಡಿಗೆ ನೌಕರಿ ಹಿಡಿಯಬೇಕಾದ ಅಗತ್ಯ ಇರಲಿಲ್ಲ. ನಮ್ಮ ಮಕ್ಕಳಲ್ಲಿ ಹೆಚ್ಚಿನವರಿಗೆ ಆ ಅನುಕೂಲವಿಲ್ಲ. ಗಮನಿಸಬೇಕಾದದ್ದು ಆ ಅನುಕೂಲವನ್ನು ಅವರು ಬಳಸಿಕೊಂಡ ರೀತಿಯನ್ನು. ಕಾಲೇಜು ಬಿಟ್ಟ ಮೇಲೆ ಸುಮಾರು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಅವರು ವಿದ್ಯಾರ್ಥಿಯಾಗಿಯೇ ಇದ್ದರು. ಪರೀಕ್ಷೆ ಇಲ್ಲ, ಅಂಕ ಇಲ್ಲ, ಓದು ಮಾತ್ರ ದಿನವೂ ಇತ್ತು.

ಮಂಜೇಶ್ವರದ ಮನೆ ಪುಸ್ತಕಗಳಿಂದ ತುಂಬಿತು. ಅವರು ಇಪ್ಪತ್ತಕ್ಕೂ ಹೆಚ್ಚು ಭಾಷೆಗಳನ್ನು ಬಲ್ಲವರೆಂದು ಪ್ರಸಿದ್ಧರಾದರು. ಸಂಸ್ಕೃತ, ಪಾಲಿ, ಬಂಗಾಳಿ, ಪರ್ಷಿಯನ್, ಗ್ರೀಕ್, ಲ್ಯಾಟಿನ್, ಫ್ರೆಂಚ್, ಜರ್ಮನ್ ಎಲ್ಲವೂ ಆ ಪಟ್ಟಿಯಲ್ಲಿವೆ. ಕಲಿತದ್ದನ್ನು ಕಪಾಟಿನಲ್ಲಿ ಇಡಲಿಲ್ಲ. ಜಪಾನಿನ ನೋ ನಾಟಕಗಳನ್ನು, ಉಮರ್ ಖಯ್ಯಾಮನ ಪದ್ಯಗಳನ್ನು ಕನ್ನಡಕ್ಕೆ ತಂದರು. ಹೊರಗಿನಿಂದ ಕಲಿತದ್ದೆಲ್ಲ ಸುತ್ತಿಬಳಸಿ ಕನ್ನಡದ ಮನೆಗೇ ಬರುತ್ತಿತ್ತು.

ಎರಡನೆಯ ಅಕ್ಷರದ ಕಟ್ಟು ಬಿಡಿಸಿದವರು

ಕನ್ನಡದ ಹಳೆಯ ಪದ್ಯಗಳಲ್ಲಿ ಒಂದು ಕಟ್ಟುಪಾಡು ಇತ್ತು. ಪದ್ಯದ ಪ್ರತಿ ಸಾಲಿನ ಎರಡನೆಯ ಅಕ್ಷರದಲ್ಲಿ ಒಂದೇ ವ್ಯಂಜನ ಬರಬೇಕು. ಮೊದಲ ಸಾಲು ‘ಮರ’ ಎಂದು ಶುರುವಾದರೆ, ಮುಂದಿನವು ‘ಕರೆ’, ‘ತಿರುಗಿ’, ‘ಇರುಳು’ ಎಂಬಂಥ ಪದಗಳಿಂದಲೇ ಶುರುವಾಗಬೇಕು. ಇದಕ್ಕೆ ದ್ವಿತೀಯಾಕ್ಷರ ಪ್ರಾಸ ಎಂದು ಹೆಸರು. ನೂರಾರು ವರ್ಷ ಕವಿಗಳು ಇದನ್ನು ಪಾಲಿಸಿದ್ದರು. ಕಿವಿಗೆ ಹಿತವೇ. ಆದರೆ ಪ್ರಾಸಕ್ಕೆ ಪದ ಹುಡುಕುವ ಭರದಲ್ಲಿ ಹೇಳಬೇಕಾದ ಮಾತು ಅಡ್ಡದಾರಿ ಹಿಡಿಯುವುದೂ ಇತ್ತು.

1911ರ ಸುಮಾರಿಗೆ ಗೋವಿಂದ ಪೈಗಳು ಈ ಪ್ರಾಸವನ್ನು ಕೈಬಿಟ್ಟು ಬರೆಯತೊಡಗಿದರು. ಪಂಡಿತರಿಂದ ವಿರೋಧ ಬಂತು. ಪ್ರಾಸವಿಲ್ಲದ್ದು ಪದ್ಯವೇ ಅಲ್ಲ ಎಂದು ವಾದಿಸಿದವರಿದ್ದರು. ಅವರು ಹಿಂದೆ ಸರಿಯಲಿಲ್ಲ. ಅವರಿಗೆ ಹಳೆಗನ್ನಡ ಬರುತ್ತಿರಲಿಲ್ಲ, ಅದಕ್ಕೇ ಪ್ರಾಸ ಬಿಟ್ಟರು ಎಂದು ಯಾರೂ ಹೇಳುವಂತಿರಲಿಲ್ಲ. ಹಳೆಯ ಕಾವ್ಯಗಳನ್ನು ಅವರಷ್ಟು ಆಳವಾಗಿ ಓದಿದವರು ಕಡಿಮೆ. ಇಂದು ನಿಮ್ಮ ಮಗು ಪಠ್ಯದಲ್ಲಿ ಓದುವ ಹೊಸಗನ್ನಡ ಪದ್ಯಗಳು ಆ ಕಟ್ಟಿಲ್ಲದೆ ಸರಾಗವಾಗಿ ಸಾಗುತ್ತವಲ್ಲ, ಆ ದಾರಿ ತೆರೆದವರಲ್ಲಿ ಮೊದಲಿಗರು ಮಂಜೇಶ್ವರದವರು.

ಅವರ ಮೊದಲ ಕವನಸಂಕಲನ ‘ಗಿಳಿವಿಂಡು’ 1930ರಲ್ಲಿ ಹೊರಬಂತು. ಆಗ ಅವರ ವಯಸ್ಸು 47. ಬರೆಯತೊಡಗಿ ಎಷ್ಟೋ ವರ್ಷಗಳ ಮೇಲೆ ಬಂದ ಪುಸ್ತಕ. ನಡುವಯಸ್ಸಿನಲ್ಲಿ ಪತ್ನಿಯನ್ನು ಕಳೆದುಕೊಂಡಿದ್ದರು. ಆ ನೋವು ‘ನಂದಾದೀಪ’ದ ಪದ್ಯಗಳಾಯಿತು. ‘ಹೆಬ್ಬೆರಳು’ ಎಂಬ ನಾಟಕದಲ್ಲಿ ಏಕಲವ್ಯನ ಕಥೆಯನ್ನು ಎತ್ತಿಕೊಂಡರು. ಕಲಿಯಬೇಕೆಂಬ ಹಂಬಲವಿದ್ದೂ ಗುರುವಿನ ಬಾಗಿಲು ತೆರೆಯದ ಹುಡುಗನ ಕಥೆ ಅದು.

ಇಬ್ಬರು ಮಹಾತ್ಮರ ಕೊನೆಯ ಗಳಿಗೆ

ಅವರ ಎರಡು ಖಂಡಕಾವ್ಯಗಳು ಹೆಸರುವಾಸಿ. ‘ಗೊಲ್ಗೊಥಾ’ ಏಸುಕ್ರಿಸ್ತನ ಕೊನೆಯ ದಿನದ್ದು. ವಿಚಾರಣೆಯಿಂದ ಶಿಲುಬೆಯವರೆಗಿನ ಕಥೆ. ‘ವೈಶಾಖಿ’ ಬುದ್ಧನ ನಿರ್ವಾಣದ್ದು. ವೈಷ್ಣವ ಮನೆತನದಲ್ಲಿ ಹುಟ್ಟಿದವರು, ಕ್ರೈಸ್ತರೂ ಮುಸ್ಲಿಮರೂ ಜೈನರೂ ಕೂಡಿ ಬಾಳುವ ಕರಾವಳಿಯಲ್ಲಿ ಕುಳಿತು, ಏಸುವಿನ ಮತ್ತು ಬುದ್ಧನ ಕೊನೆಯ ಗಳಿಗೆಗಳನ್ನು ಕನ್ನಡದಲ್ಲಿ ಕಾವ್ಯವಾಗಿಸಿದರು.

‘ವೈಶಾಖಿ’ ಎಂಬ ಹೆಸರಿನಲ್ಲೇ ನಮ್ಮ ‘ದಿನ ವಿಶೇಷ’ಕ್ಕೆ ಒಂದು ಸಂಗತಿ ಇದೆ. ಬೌದ್ಧ ಪರಂಪರೆಯ ಪ್ರಕಾರ ಬುದ್ಧ ಹುಟ್ಟಿದ್ದು, ಜ್ಞಾನ ಪಡೆದದ್ದು, ನಿರ್ವಾಣ ಹೊಂದಿದ್ದು ಮೂರೂ ವೈಶಾಖ ಹುಣ್ಣಿಮೆಯಂದೇ. ಒಂದು ಬಾಳಿನ ಮೂರು ದೊಡ್ಡ ಘಟನೆಗಳು ಒಂದೇ ತಿಥಿಯಲ್ಲಿ ಸೇರಿವೆ.

ದಿನ ಹುಡುಕುವ ಕೆಲಸ

ಗೋವಿಂದ ಪೈಗಳು ಕವಿಯಷ್ಟೇ ದೊಡ್ಡ ಸಂಶೋಧಕರು. ಅವರ ಸಂಶೋಧನೆಯ ಬಹುಭಾಗ ಒಂದೇ ಪ್ರಶ್ನೆಯ ಸುತ್ತ ಸುತ್ತುತ್ತದೆ: ಇದು ನಡೆದದ್ದು ಯಾವಾಗ? ಈ ಕವಿ ಯಾವ ಕಾಲದವನು? ಈ ಶಾಸನ ಯಾವ ದಿನದ್ದು?

ಈ ಲೆಕ್ಕ ಹೇಗೆ ಎಂದು ಮಗು ಕೇಳಿದರೆ ಹೀಗೆ ಹೇಳಬಹುದು. ಹಳೆಯ ಶಾಸನಗಳಲ್ಲಿ ಇಂದಿನ ತಾರೀಖು ಇರುವುದಿಲ್ಲ. ಶಕವರ್ಷ, ಸಂವತ್ಸರ, ಮಾಸ, ಪಕ್ಷ, ತಿಥಿ, ವಾರ ಇರುತ್ತವೆ. ಶಕವರ್ಷಕ್ಕೆ 78 ಸೇರಿಸಿದರೆ ಕ್ರಿಸ್ತಶಕದ ವರ್ಷ ಸಿಗುತ್ತದೆ. ಜನವರಿಯಿಂದ ಯುಗಾದಿಯವರೆಗಿನ ದಿನಗಳಿಗೆ 79. ಸಂವತ್ಸರದ ಹೆಸರು 60 ವರ್ಷಕ್ಕೊಮ್ಮೆ ಮರಳಿ ಬರುತ್ತದೆ. ಕೊನೆಯ ಪರೀಕ್ಷೆ ವಾರದ್ದು. ಶಾಸನ ಭಾನುವಾರ ಎಂದು ಹೇಳಿ, ನಮ್ಮ ಲೆಕ್ಕದಲ್ಲಿ ಆ ತಿಥಿ ಬುಧವಾರ ಬಿದ್ದರೆ ಎಲ್ಲೋ ತಪ್ಪಿದೆ ಎಂದರ್ಥ. ಮತ್ತೆ ಮೊದಲಿನಿಂದ ಶುರು. ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಇದೆಲ್ಲ ಕಾಗದ, ಪೆನ್ನಿನ ಕೆಲಸ.

ಇದಕ್ಕೆ ಒಳ್ಳೆಯ ಉದಾಹರಣೆ ಶ್ರವಣಬೆಳಗೊಳದ ಗೊಮ್ಮಟ. ಚಾವುಂಡರಾಯ ಆ ಮೂರ್ತಿಯನ್ನು ಮಾಡಿಸಿದನೆಂಬುದು ಶಾಸನಗಳಿಂದ ತಿಳಿಯುತ್ತದೆ. ಪ್ರತಿಷ್ಠೆ ಆದದ್ದು ಯಾವ ದಿನ ಎಂಬುದರ ಬಗ್ಗೆ ವಿದ್ವಾಂಸರಲ್ಲಿ ಚರ್ಚೆ ಇತ್ತು. ಆಮೇಲಿನ ಒಂದು ಸಂಸ್ಕೃತ ಕೃತಿಯಲ್ಲಿ ಚೈತ್ರ ಶುದ್ಧ ಪಂಚಮಿ, ಭಾನುವಾರ ಎಂಬ ವಿವರ ಇದೆ. ಆದರೆ ಅಲ್ಲಿ ವರ್ಷವನ್ನು ಕಲ್ಕಿ ಶಕದಲ್ಲಿ ಕೊಟ್ಟಿದ್ದರಿಂದ, ಆ ಶಕದ ಆರಂಭವನ್ನು ಎಲ್ಲಿಂದ ಹಿಡಿಯಬೇಕೆಂಬ ಗೊಂದಲ. ಒಬ್ಬೊಬ್ಬ ವಿದ್ವಾಂಸರು ಒಂದೊಂದು ವರ್ಷ ಹೇಳಿದರು. ಗೋವಿಂದ ಪೈಗಳು ಲೆಕ್ಕ ಹಾಕಿ ಕೊಟ್ಟ ದಿನ 981ರ ಮಾರ್ಚ್ 13. ಅಂದು ಭಾನುವಾರವೇ. ಅವರು ತೀರಿಕೊಂಡು 18 ವರ್ಷಗಳ ಮೇಲೆ, 1981ರಲ್ಲಿ, ಶ್ರವಣಬೆಳಗೊಳದಲ್ಲಿ ಗೊಮ್ಮಟ ಪ್ರತಿಷ್ಠೆಯ ಸಹಸ್ರಾಬ್ದಿಯ ಮಹಾಮಸ್ತಕಾಭಿಷೇಕ ನಡೆಯಿತು.

ಅವರು ಕೈಹಾಕಿದ ಇನ್ನೊಂದು ವಿಷಯ ಇನ್ನೂ ದೂರದ್ದು. ಈಜಿಪ್ಟಿನ ಆಕ್ಸಿರಿಂಕಸ್ ಎಂಬಲ್ಲಿ ಸಿಕ್ಕ ಹಳೆಯ ಪಪೈರಸ್ ಹಾಳೆಗಳಲ್ಲಿ ಒಂದು ಗ್ರೀಕ್ ಪ್ರಹಸನವಿತ್ತು. ಗ್ರೀಕ್ ಹೆಣ್ಣುಮಗಳೊಬ್ಬಳು ಭಾರತದ ಕರಾವಳಿಯ ರಾಜನ ಕೈಗೆ ಸಿಕ್ಕಿ ಪಾರಾಗುವ ಕಥೆ. ಅದರಲ್ಲಿ ಸ್ಥಳೀಯರು ಆಡುವ ಅರ್ಥವಾಗದ ಮಾತುಗಳಿವೆ. ಅವು ಕನ್ನಡವಿರಬಹುದೇ ಎಂಬ ಚರ್ಚೆ ಎದ್ದಾಗ ಗೋವಿಂದ ಪೈಗಳೂ ಆ ಮಾತುಗಳನ್ನು ಬಿಡಿಸಿ ನೋಡಿದರು. ವಿದ್ವಾಂಸರು ಈ ವಿಷಯದಲ್ಲಿ ಇಂದಿಗೂ ಒಮ್ಮತಕ್ಕೆ ಬಂದಿಲ್ಲ. ಗ್ರೀಕ್, ತುಳು, ಕನ್ನಡ ಮೂರನ್ನೂ ಬಲ್ಲ ಒಬ್ಬರು ಆ ಹೊತ್ತಿಗೆ ಮಂಜೇಶ್ವರದಲ್ಲಿ ಇದ್ದರು ಎಂಬುದೇ ನೆನೆಯಬೇಕಾದ ಸಂಗತಿ.

ಗಡಿ ಸರಿದ ದಿನ

1949ರಲ್ಲಿ ಮದ್ರಾಸ್ ಸರ್ಕಾರ ಅವರಿಗೆ ರಾಷ್ಟ್ರಕವಿ ಎಂಬ ಬಿರುದು ನೀಡಿತು. 1951ರಲ್ಲಿ ಮುಂಬಯಿಯಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರು ಅಧ್ಯಕ್ಷರಾದರು. ಹಿಂದಿನ ವರ್ಷದ ಸಮ್ಮೇಳನ ನಡೆದದ್ದು ಸೊಲ್ಲಾಪುರದಲ್ಲಿ. 1948ರದ್ದು ಕಾಸರಗೋಡಿನಲ್ಲಿ. ಇಂದು ನಾವು ಹೊರನಾಡು ಎನ್ನುವ ಊರುಗಳು ಆಗ ಕನ್ನಡದ ಮನೆಯ ಜಗಲಿಗಳಂತೆಯೇ ಇದ್ದವು.

1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆ ಜಾರಿಗೆ ಬಂತು. ದಕ್ಷಿಣ ಕನ್ನಡ ಜಿಲ್ಲೆಯ ಹೆಚ್ಚಿನ ಭಾಗ ಮೈಸೂರು ರಾಜ್ಯಕ್ಕೆ ಸೇರಿತು. ಅದರ ದಕ್ಷಿಣದ ತುದಿಯಲ್ಲಿದ್ದ ಕಾಸರಗೋಡು ತಾಲ್ಲೂಕು ಕೇರಳಕ್ಕೆ ಹೋಯಿತು. ಅಂದು ಗೋವಿಂದ ಪೈಗಳಿಗೆ 73 ವರ್ಷ. ಮನೆ ಅದೇ, ಪುಸ್ತಕಗಳು ಅವೇ, ಸಮುದ್ರದ ಗಾಳಿಯೂ ಅದೇ. ಅವರು ಒಂದು ಹೆಜ್ಜೆಯನ್ನೂ ಇಟ್ಟಿರಲಿಲ್ಲ. ಕನ್ನಡದ ರಾಷ್ಟ್ರಕವಿ ಬೆಳಗಾಗುವುದರೊಳಗೆ ಬೇರೆ ರಾಜ್ಯದವರಾಗಿದ್ದರು.

ತಮ್ಮ ಊರು ಕನ್ನಡ ರಾಜ್ಯದ ಹೊರಗೆ ಉಳಿದದ್ದು ಅವರ ಮನಸ್ಸಿಗೆ ಆಳವಾಗಿ ತಾಗಿತು. ಹಾಗೆಂದು ಅವರು ಮಂಜೇಶ್ವರ ಬಿಟ್ಟು ಮಂಗಳೂರಿಗೆ ಮನೆ ಬದಲಿಸಲಿಲ್ಲ. ಬದಲಿಸುವುದು ಕಷ್ಟವೂ ಆಗಿರಲಿಲ್ಲ. ತಂದೆಯ ಊರೇ ಅದು. ಓದು ಬರಹ ಅಲ್ಲೇ ಮುಂದುವರಿಯಿತು. 1963ರ ಸೆಪ್ಟೆಂಬರ್ 6ರಂದು ಅವರು ತೀರಿಕೊಂಡರು. ಅದೂ ಶುಕ್ರವಾರ. ಗಡಿ ವಿವಾದದ ಮಹಾಜನ ಆಯೋಗ ನೇಮಕವಾದದ್ದು ಅದಾಗಿ ಮೂರು ವರ್ಷಗಳ ಮೇಲೆ. ಅದರ ವರದಿಯನ್ನು ಅವರು ನೋಡಲಿಲ್ಲ.

ನಿಮ್ಮಲ್ಲಿ ಅನೇಕರ ಮನೆಯ ಕಥೆಯೂ ಇಂಥದ್ದೇ. ತಾಳವಾಡಿಯಲ್ಲಾಗಲಿ, ಜತ್ತಿನಲ್ಲಾಗಲಿ, ಮಡಕಶಿರಾದಲ್ಲಾಗಲಿ, ನಿಮ್ಮ ಹಿರಿಯರು ಕನ್ನಡ ಬಿಟ್ಟು ಬೇರೆ ನಾಡಿಗೆ ವಲಸೆ ಹೋದವರಲ್ಲ. ನಾವು ಕೇರಳದಲ್ಲಿದ್ದೂ ಕನ್ನಡ ಯಾಕೆ ಓದಬೇಕು, ಮಹಾರಾಷ್ಟ್ರದಲ್ಲಿದ್ದೂ ಕನ್ನಡ ಯಾಕೆ ಎಂದು ಮಗು ಕೇಳಿದಾಗ ದೊಡ್ಡ ಭಾಷಣ ಬೇಡ. ಗೋವಿಂದ ಪೈಗಳ ಮನೆ ಎಲ್ಲಿತ್ತು, ಆಮೇಲೆ ಯಾವ ರಾಜ್ಯಕ್ಕೆ ಸೇರಿತು ಎಂದು ನಕಾಶೆಯಲ್ಲಿ ತೋರಿಸಿದರೆ ಸಾಕು.

ಅದೇ ದಿನದ ಉಳಿದವರು

ಗೋವಿಂದ ಪೈಗಳಿಗಿಂತ ಸರಿಯಾಗಿ ಒಂದು ವರ್ಷ ಮೊದಲು, 1882ರ ಮಾರ್ಚ್ 23ರಂದು, ಜರ್ಮನಿಯ ಎರ್ಲಾಂಗೆನ್‌ನಲ್ಲಿ ಎಮ್ಮಿ ನೋಥರ್ ಹುಟ್ಟಿದರು. ಆ ಊರಿನ ವಿಶ್ವವಿದ್ಯಾಲಯ ಆಗ ಹೆಣ್ಣುಮಕ್ಕಳನ್ನು ವಿದ್ಯಾರ್ಥಿಗಳಾಗಿ ಸೇರಿಸಿಕೊಳ್ಳುತ್ತಿರಲಿಲ್ಲ. ಪ್ರಾಧ್ಯಾಪಕರ ಒಪ್ಪಿಗೆ ಪಡೆದು ತರಗತಿಯಲ್ಲಿ ಕುಳಿತು ಕೇಳಿದರು. ನಿಯಮ ಬದಲಾದ ಮೇಲೆ ಸೇರಿ, 1907ರಲ್ಲಿ ಡಾಕ್ಟರೇಟ್ ಪಡೆದರು. ಆಮೇಲೂ ವರ್ಷಗಟ್ಟಲೆ ಸಂಬಳವಿಲ್ಲದೆ ಪಾಠ ಮಾಡಿದರು. ಗಾಟಿಂಗೆನ್‌ನಲ್ಲಿ ಅವರ ಪಾಠಗಳನ್ನು ಹಿಲ್ಬರ್ಟ್ ಎಂಬ ಇನ್ನೊಬ್ಬ ಗಣಿತಜ್ಞರ ಹೆಸರಿನಲ್ಲಿ ಪ್ರಕಟಿಸಬೇಕಾಗಿತ್ತು. 1918ರಲ್ಲಿ ಅವರು ಪ್ರಕಟಿಸಿದ ಪ್ರಮೇಯ ಇಂದಿಗೂ ಭೌತಶಾಸ್ತ್ರದ ಬುನಾದಿಗಳಲ್ಲಿ ಒಂದು. ಯಹೂದಿ ಎಂಬ ಕಾರಣಕ್ಕೆ 1933ರಲ್ಲಿ ಕೆಲಸ ಹೋಯಿತು. ಅಮೆರಿಕಕ್ಕೆ ಹೋದವರು 1935ರಲ್ಲಿ ತೀರಿಕೊಂಡರು. ಮಂಜೇಶ್ವರದವರಿಗೆ ಪದವಿ ಇರಲಿಲ್ಲ, ಮನೆ ಇತ್ತು. ಇವರಿಗೆ ಪದವಿ ಇತ್ತು, ಕೊನೆಗೆ ಊರೇ ಉಳಿಯಲಿಲ್ಲ. ನಿಮಗೆ ಹೆಣ್ಣುಮಗು ಇದ್ದರೆ ಈ ಕಥೆಯನ್ನೂ ಸೇರಿಸಿ.

1931ರ ಆ ಸೋಮವಾರ ಗಲ್ಲಿಗೇರಿದಾಗ ಭಗತ್ ಸಿಂಗ್‌ಗೆ 23 ವರ್ಷ. ಜೊತೆಯಲ್ಲಿದ್ದ ರಾಜಗುರು ಮಹಾರಾಷ್ಟ್ರದ ಖೇಡ್‌ನವರು. ಆ ಊರಿಗೆ ಈಗ ರಾಜಗುರುನಗರ ಎಂದೇ ಹೆಸರು. ಅದೇ ದಿನ ಹುಟ್ಟಿದ ಲೋಹಿಯಾ, ಹುತಾತ್ಮರಾದವರ ನೆನಪಿಗಾಗಿ ತಮ್ಮ ಹುಟ್ಟುಹಬ್ಬ ಆಚರಿಸಿಕೊಳ್ಳುತ್ತಿರಲಿಲ್ಲ. ಗೋವಾದ ಕನ್ನಡಿಗರಿಗೆ ಈ ಹೆಸರು ಹೊಸದಲ್ಲ. 1946ರ ಜೂನ್ 18ರಂದು ಮಡಗಾಂವಿನಲ್ಲಿ ಪೋರ್ಚುಗೀಸರ ನಿಷೇಧ ಮುರಿದು ಸಭೆ ನಡೆಸಿದವರು ಅವರೇ.

1749ರ ಮಾರ್ಚ್ 23ರಂದು ಫ್ರಾನ್ಸಿನಲ್ಲಿ ಹುಟ್ಟಿದ ಲಾಪ್ಲಾಸ್, ಗ್ರಹಗಳ ಮತ್ತು ಚಂದ್ರನ ಚಲನೆಯ ಲೆಕ್ಕವನ್ನು ಬಹಳ ಮುಂದೆ ಒಯ್ದವರು. ವಿಶ್ವ ಹವಾಮಾನ ಸಂಸ್ಥೆಯ ಒಪ್ಪಂದ ಜಾರಿಗೆ ಬಂದದ್ದು 1950ರ ಮಾರ್ಚ್ 23ರಂದು. ಹಾಗಾಗಿ ಅಂದು ವಿಶ್ವ ಹವಾಮಾನ ದಿನ.

ಮನೆಯಲ್ಲಿ ಮಾಡಬಹುದಾದದ್ದು

ಕಾಸರಗೋಡಿನ ಕಡೆ ಇದ್ದರೆ, ಅಥವಾ ಮಂಗಳೂರಿಗೆ ಹೋಗುವ ದಾರಿಯಲ್ಲಿ, ಮಂಜೇಶ್ವರದಲ್ಲಿ ಇಳಿಯಿರಿ. ಅವರ ಮನೆ ಈಗ ಸ್ಮಾರಕ. ಅದಕ್ಕೆ ಅವರ ಮೊದಲ ಸಂಕಲನದ ಹೆಸರನ್ನೇ ಇಟ್ಟಿದ್ದಾರೆ, ‘ಗಿಳಿವಿಂಡು’. ಊರಿನ ಸರ್ಕಾರಿ ಕಾಲೇಜಿಗೂ ಅವರದೇ ಹೆಸರು. ಅವರ ಪುಸ್ತಕ ಸಂಗ್ರಹ ಉಡುಪಿಯ ಎಂ.ಜಿ.ಎಂ. ಕಾಲೇಜಿಗೆ ಸೇರಿತು. ಅಲ್ಲಿ ಅವರ ಹೆಸರಿನ ಸಂಶೋಧನ ಕೇಂದ್ರವಿದೆ.

ದೂರದಲ್ಲಿದ್ದರೆ ಮನೆಯಲ್ಲೇ ಒಂದು ಕೆಲಸ ಮಾಡಿ. ನಿಮ್ಮ ಮನೆಯ ಅಜ್ಜಿಗೆ ತಮ್ಮ ಹುಟ್ಟಿದ ತಾರೀಖು ಗೊತ್ತಿಲ್ಲದಿರಬಹುದು. ಆದರೆ ಯುಗಾದಿ ಕಳೆದು ಎಷ್ಟು ದಿನಕ್ಕೆ, ಯಾವ ಜಾತ್ರೆಯ ಹಿಂದೆಮುಂದೆ, ಯಾವ ವಾರ ಹುಟ್ಟಿದ್ದು ಎಂಬುದು ನೆನಪಿರಬಹುದು. ಸಂವತ್ಸರದ ಹೆಸರನ್ನೂ ಹೇಳಿಯಾರು. ಅಷ್ಟನ್ನು ಮಗು ನೋಟ್ ಪುಸ್ತಕದಲ್ಲಿ ಬರೆದುಕೊಳ್ಳಲಿ. ಹಳೆಯ ಪಂಚಾಂಗ ಸಿಕ್ಕರೆ ಅದನ್ನು ಇಟ್ಟುಕೊಂಡು, ಇಲ್ಲದಿದ್ದರೆ ಮೊಬೈಲಿನಲ್ಲಿ ಹಳೆಯ ವರ್ಷದ ಪಂಚಾಂಗ ತೆರೆದು, ತಿಥಿಗೂ ವಾರಕ್ಕೂ ತಾಳೆ ನೋಡಲಿ. ಮೊದಲ ಸಲ ತಾಳೆಯಾಗದಿದ್ದರೆ ಹಿಂದಿನ ವರ್ಷ, ಮುಂದಿನ ವರ್ಷ ನೋಡಲಿ. ಶಾಸನಗಳ ದಿನ ಹುಡುಕಿದವರು ಮಾಡಿದ್ದೂ ಇದನ್ನೇ. ತಾರೀಖು ಸಿಕ್ಕ ದಿನ ಅದನ್ನು ಅಜ್ಜಿಗೆ ಮಗುವೇ ಓದಿ ಹೇಳಲಿ, ಕನ್ನಡದಲ್ಲಿ.